ಸೆಗಾವಾ ಆ ತಾತನ ಪಕ್ಷ ಸೇರಿದ ಸಂಜೆ

ಸೆಗಾವಾನ ಗಂಟಲಿಗೆ ಯಾವ ರೋಗವೂ ಇರಲಿಲ್ಲ. ಅದರಿಂದ ದನಿ ಹೊರಡುತ್ತಿರಲಿಲ್ಲ, ಅಷ್ಟೆ. ನೂಡಲ್ಸ್ ಅಂಗಡಿಯಲ್ಲಿ ಇನ್ನೊಂದು ಬಟ್ಟಲು ಕೇಳಲಾಗದೆ ಅರೆಹೊಟ್ಟೆಯಲ್ಲೇ ಎದ್ದು ಬರುವ ಆಸಾಮಿ ಅವನು. ಆದರೆ ಅವನು ಕೆಲಸಕ್ಕಿದ್ದ ಗಿಫು ಊರಿನ ಸ್ನಾನತೊಟ್ಟಿ ಮುಚ್ಚಳದ ಕಂಪನಿಯಲ್ಲಿ ಬೆಳಿಗ್ಗೆ ಎಲ್ಲರೂ ಸಾಲಾಗಿ ನಿಲ್ಲಬೇಕು, ಸರದಿಯವನು ಕಿರುಚಿದ ಪ್ರತಿಜ್ಞೆಯನ್ನು ಉಳಿದವರೂ ಕಿರುಚಬೇಕು. ಆ ಶುಕ್ರವಾರ ಸರದಿ ಸೆಗಾವಾನದು.

"ಯಾರ ಮನೆಯ ಬಿಸಿನೀರೂ ಆರದಿರಲಿ" ಎಂದ. ಮುಂದಿನ ಸಾಲಿನವರಿಗೆ ತುಟಿ ಅಲುಗಿದ್ದು ಕಂಡಿತು. ಹಿಂದಿನವರು ಇನ್ನೂ ಶುರುವಾಗಿಲ್ಲ ಅಂದುಕೊಂಡು ಕಾಯುತ್ತಲೇ ಇದ್ದರು.

ವಿಭಾಗದ ಮುಖ್ಯಸ್ಥ ಇವಾಕಿರಿ ಅವನನ್ನು ಪಕ್ಕಕ್ಕೆ ಕರೆದ. "ಸೋಮವಾರ ಅಧ್ಯಕ್ಷರು ಬರ್ತಾರೆ. ಅವತ್ತೂ ನೀನೇ ಹೇಳ್ಬೇಕು. ಹೀಗೇ ಗೊಣಗಿದ್ರೆ ಕುಶಿರೋ ಗೋದಾಮಿಗೆ ಗಂಟುಮೂಟೆ ಕಟ್ಟು."

ಕುಶಿರೋ ಇರುವುದು ಉತ್ತರದ ತುದಿಯಲ್ಲಿ, ಮಂಜಿನೊಳಗೆ. ನಮ್ಮ ಜಪಾನಿನ ಕಂಪನಿಗಳಲ್ಲಿ ವರ್ಗವಾದರೆ ಒಲ್ಲೆ ಅನ್ನುವ ಪದ್ಧತಿಯಿಲ್ಲ. ಹೆಂಡತಿ ಮಕ್ಕಳನ್ನು ಬಿಟ್ಟು ಸೂಟ್‌ಕೇಸು ಹಿಡಿದು ಹೊರಡುವುದೇ. ಸೆಗಾವಾನ ಮಗಳು ಏಪ್ರಿಲ್‌ನಲ್ಲಿ ಒಂದನೇ ಕ್ಲಾಸಿಗೆ ಸೇರುವವಳು. ದಿನಾ ಜೊತೆಗೆ ಕೂತು ಅಕ್ಷರ ತಿದ್ದಿಸುತ್ತೇನೆ ಎಂದು ಅವಳಿಗೆ ಮಾತು ಕೊಟ್ಟಿದ್ದ.

ಪಕ್ಕದ ಮೇಜಿನ ಕುರಾಮೋಚಿ ಎಲ್ಲರ ಕಷ್ಟಕ್ಕೂ ಮದ್ದು ಹೇಳುವ ಹೆಂಗಸು. "ಗಂಟಲಿನ ತುಕ್ಕು ಬಿಡ್ಸೋಕೆ ಒಂದೇ ದಾರಿ, ಸೆಗಾವಾ ಅವ್ರೇ. ಸಂಜೆ 'ಉಕ್ಕಿನ ಕೊಕ್ಕರೆ' ಸಿನಿಮಾದ ಎರಡನೇ ಭಾಗದ ಕೂಗಾಟದ ಆಟ ಇದೆ, ನಡೀರಿ."

"ನಾನು ಮೊದಲನೇ ಭಾಗಾನೇ ನೋಡಿಲ್ಲ."

"ಅದಕ್ಕೇನೀಗ? ಒಳ್ಳೇವ್ನು ಬಂದ್ರೆ ಜೈ ಅನ್ನಿ, ಕೆಟ್ಟೋನು ಬಂದ್ರೆ ಬಯ್ಯಿರಿ. ಮುಖ ನೋಡಿದ್ರೇ ಗೊತ್ತಾಗುತ್ತೆ."

ಬೇರೆ ದಿನ ನಮ್ಮ ಚಿತ್ರಮಂದಿರಗಳಲ್ಲಿ ಪಾಪ್‌ಕಾರ್ನ್ ಅಗಿಯುವುದಕ್ಕೂ ಜನ ಹಿಂದೆಮುಂದೆ ನೋಡುತ್ತಾರೆ. ಕೂಗಾಟದ ಆಟಕ್ಕೆ ಮಾತ್ರ ಬಣ್ಣದ ದೀಪದ ಕೋಲು ಬೀಸುತ್ತಾ ಎಷ್ಟು ಬೇಕಾದರೂ ಅರಚಬಹುದು. ಅರ್ಧಕ್ಕರ್ಧ ಜನ ಕೊಕ್ಕರೆ ಮುಖವಾಡ ಹಾಕಿದ್ದರು. ಸೆಗಾವಾನ ಮುಂದಿನ ಕುರ್ಚಿಯಲ್ಲಿ ರೆಕ್ಕೆ ಸಮೇತ ಕೂತಿದ್ದ ದಪ್ಪ ಕೊಕ್ಕರೆಯೊಂದು ದೀಪ ಆರುವ ಮೊದಲೇ "ಕೊಕ್ಕರೆಗೆ ಜಯವಾಗಲಿ" ಎಂದು ಬೊಬ್ಬಿಡುತ್ತಿತ್ತು.

ತೆರೆಯ ಮೇಲೆ ಗಾಜಿನ ಸೆರೆಮನೆ. ಒಳಗೆ ನರೆತಲೆಯ ಮುದುಕನೊಬ್ಬ ಪುಟ್ಟ ಪೈನ್ ಗಿಡಕ್ಕೆ ನೀರು ಹಾಕುತ್ತಿದ್ದ. ಪಾಪ, ಇವನೇ ಒಳ್ಳೆಯವನು ಎಂದುಕೊಂಡ ಸೆಗಾವಾ. ಕಣ್ಣು ಮುಚ್ಚಿಕೊಂಡು ಬಾಯಿ ತೆರೆದ. "ಹೆದರ್ಬೇಡಿ ತಾತ, ನಾವಿದ್ದೀವಿ!"

ದನಿ ಬಂದೇ ಬಿಟ್ಟಿತು. ಇಡೀ ಸಭಾಂಗಣ ಅವನತ್ತ ತಿರುಗಿತು. ಕುರಾಮೋಚಿ ಮುಖ ಮುಚ್ಚಿಕೊಂಡಳು. "ಅಯ್ಯೋ ನಿಮ್ಮ, ಅವ್ನು ಬೂದಿ ಡಾಕ್ಟ್ರು ಕಣ್ರೀ. ಹೋದ ಭಾಗದಲ್ಲಿ ಅರ್ಧ ಟೋಕಿಯೋ ಸುಟ್ಟೋನು."

"ಯಾರ್ರೀ ಅದು? ನಾಚ್ಕೆ ಆಗಲ್ವಾ?" ದಪ್ಪ ಕೊಕ್ಕರೆ ಗದರಿತು.

ಬೇರೆ ದಿನವಾಗಿದ್ದರೆ ಸೆಗಾವಾ ಕುರ್ಚಿಯಡಿ ತೂರಿಕೊಳ್ಳುತ್ತಿದ್ದ. ಈಗ ಮಗಳ ಮುಖ ಕಣ್ಣೆದುರು ಬಂತು. ಬಂದ ದನಿಯನ್ನು ಒಳಗೇ ನುಂಗಿಕೊಂಡರೆ ಮತ್ತೆ ಸಿಕ್ಕುವುದಿಲ್ಲ ಎನಿಸಿತು. "ಗಿಡಕ್ಕೆ ಅಷ್ಟು ಅಕ್ಕರೆಯಿಂದ ನೀರು ಹಾಕೋನು ಕೆಟ್ಟೋನು ಹೇಗಾಗ್ತಾನ್ರೀ?" ಎಂದು ಕೂಗಿದ.

ಜನ ಘೊಳ್ಳೆಂದರು. ಹಿಂದಿನ ಸಾಲಿನಿಂದ ಅಜ್ಜಿಯೊಬ್ಬಳು "ನಾನೂ ತಾತನ ಕಡೆ" ಎಂದಳು. ಅಲ್ಲಿಗೆ ಸಭಾಂಗಣ ಎರಡು ಪಕ್ಷವಾಯಿತು. ತೆರೆಯ ಮೇಲಿನ ಕೊಕ್ಕರೆ ವೀರ ಡಾಕ್ಟರನ್ನು ಎತ್ತಿ ಒಗೆದಾಗ ಸೆಗಾವಾ "ವಯಸ್ಸಾದೋರ ಮೇಲೆ ಕೈ ಮಾಡ್ತೀಯೇನೋ? ಮನೇಲಿ ಹಿರಿಯರಿಲ್ವಾ?" ಎಂದು ಝಾಡಿಸಿದ. ಕೊನೆಗೆ ಡಾಕ್ಟರು ಗೋಪುರದಿಂದ ಉರುಳಿದಾಗ ಎದ್ದು ನಿಂತು, "ಹೋಗ್ಬನ್ನಿ ತಾತ, ಗಿಡಕ್ಕೆ ನಾವು ನೀರು ಹಾಕ್ತೀವಿ" ಎಂದ. ಕೊಕ್ಕರೆ ಪಕ್ಷದವರೂ ಮುಖವಾಡ ಸರಿಸಿ ಕಣ್ಣೊರೆಸಿಕೊಂಡರು. ಹೆಸರುಗಳೆಲ್ಲ ಹಾದುಹೋಗಿ ದೀಪ ಹತ್ತಿದಾಗ ಜನ ಚಪ್ಪಾಳೆ ತಟ್ಟಿದ್ದು ಚಿತ್ರಕ್ಕಲ್ಲ, ಸೆಗಾವಾನಿಗೆ. ಹುಟ್ಟಿದಂದಿನಿಂದ ಅಷ್ಟು ಸಂತೋಷ ಅವನಿಗೆ ಆಗಿರಲಿಲ್ಲ.

ಹೊರಗೆ ದಪ್ಪ ಕೊಕ್ಕರೆ ನೇರ ಅವನ ಮುಂದೆ ಬಂದು ಕೊಕ್ಕು ಕಳಚಿತು. ಇವಾಕಿರಿ! ಸೆಗಾವಾ ಸೊಂಟ ಬಗ್ಗಿಸಿ ನಮಸ್ಕರಿಸಿದ.

"ಎರಡು ಗಂಟೆ ನಿನ್ನೆದುರು ಕೂಗಿ ಸೋತೆನಲ್ಲೋ" ಎಂದ ಇವಾಕಿರಿ, ಕಟ್ಟಿದ ಗಂಟಲಲ್ಲಿ. "ಇಂಥಾ ದನಿ ಎಲ್ಲಿ ಬಚ್ಚಿಟ್ಟಿದ್ದೆ?"

"ಹಾಗಾದ್ರೆ ಸರ್, ಕುಶಿರೋ..."

"ಛೆ, ಅದು ಗೊಣಗೋರನ್ನ ಕಳಿಸೋ ಜಾಗವೇನಯ್ಯ? ಸುಮ್ನೆ ಹೆದರಿಸಿದ್ದೆ."

ಸೆಗಾವಾ ಕುರಾಮೋಚಿಯ ಕೈ ಹಿಡಿದು ಕುಣಿಯುವುದೊಂದು ಬಾಕಿ.

"ಅಲ್ಲಿ ಕಡಲ ಗಾಳಿ, ಯಂತ್ರದ ಗದ್ದಲ. ಒಬ್ಬರು ಹೇಳಿದ್ದು ಒಬ್ಬರಿಗೆ ಕೇಳಲ್ಲ. ಜೋರು ಗಂಟಲಿನ ಮೇಲ್ವಿಚಾರಕ ಬೇಕು ಅಂತ ಯಾವಾಗಿಂದ್ಲೋ ಗೋಗರೀತಿದ್ರು" ಎಂದ ಇವಾಕಿರಿ. "ಈಗಷ್ಟೇ ಅಧ್ಯಕ್ಷರಿಗೆ ಫೋನ್ ಮಾಡ್ದೆ. ಬಡ್ತಿ ಕೊಟ್ಟು ನಿನ್ನನ್ನೇ ಕಳಿಸ್ತಾರೆ. ಬುಧವಾರ ಹೊರಡು."

ಸುದ್ದಿ ಕೇಳಿದ ಕೊಕ್ಕರೆಗಳೆಲ್ಲ ಸುತ್ತ ನೆರೆದು, ಎರಡೂ ಕೈ ಮೇಲೆತ್ತಿ "ಬನ್ಜಾಯ್! ಬನ್ಜಾಯ್!" ಎಂದು ಜಯಘೋಷ ಹಾಕಿದರು. ಅದರ ನಡುವೆ ನಿಂತು ಸೆಗಾವಾ ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ "ನಾನು ಹೋಗಲ್ಲ ಸರ್" ಎಂದು ಅರಚಿದ.

ಇವಾಕಿರಿ ಹೆಮ್ಮೆಯಿಂದ ಕುರಾಮೋಚಿಯ ಕಡೆ ಬಾಗಿದ. "ಏನಂದ್ನೋ ಕೇಳಿಸ್ಲಿಲ್ಲ. ಆದ್ರೆ ನೋಡಿ, ಖುಷಿ ಆದ್ರೆ ಎಷ್ಟು ಚೆನ್ನಾಗಿ ಕೂಗ್ತಾನೆ."