ಕೋಣನನ್ನು ಕೆಡಿಸಲು ಹೋದ ಭಾನುವಾರ

ಹೊಲಿಗೆ ಯಂತ್ರ ನೋಡುವುದಕ್ಕೆ ಬಡಪಾಯಿ ವಸ್ತು. ಮೂಲೆಯಲ್ಲಿಟ್ಟರೆ ಇರುತ್ತದೆ, ತುಳಿದರೆ ನಡೆಯುತ್ತದೆ. ಆದರೆ ಒಂದಿದ್ದ ಮನೆಗೆ ಇನ್ನೂ ಮೂರು ಬಂದು ಕೂತವೆಂದರೆ ಬೇರೆ ಯಾರಾದರೂ ಎದ್ದು ಜಾಗ ಬಿಡಲೇಬೇಕು. ಡ್ರಾಯಿಂಗ್ ಮೇಷ್ಟ್ರ ಮನೆಯಲ್ಲಿ ಆ ಸರದಿ ಕೋಣನ ಪಾಲಿಗೆ ಬಂತು.

ಕೋಣ ಎಂದರೆ ಪ್ರಾಣಿಯಲ್ಲ, ಗಾಡಿ. ಟರ್ಬೋ ಡೀಸೆಲ್ ಎಂಜಿನ್ನು, ನಾಲ್ಕೂ ಚಕ್ರ ಸೇರಿ ಎಳೆಯುವ ಮೈಕಟ್ಟು, ಅಗಲ ಹಣೆ, ಕರಿ ಬಣ್ಣ. ಮನಸ್ಸು ಬಂದರೆ ಗುಡ್ಡ ಹತ್ತುತ್ತದೆ, ಬಾರದಿದ್ದರೆ ಸ್ವಂತ ಮನೆಯ ಗೇಟು ದಾಟುವುದಿಲ್ಲ. ಎಡಕ್ಕೆ ತಿರುಗುವಾಗ ಅದರ ಎಡಗಡೆಯ ದೀಪ ಮಿನುಗುತ್ತಿರಲಿಲ್ಲ. ಹಿಂದಿನ ಗಾಜಿನ ವೈಪರ್ ಆಡುತ್ತಿತ್ತು. ಬೀದಿಯ ಜನಕ್ಕೆ ಅದು ಅಭ್ಯಾಸವಾಗಿತ್ತು. ವೈಪರ್ ಆಡಿತೆಂದರೆ ತಾಯಂದಿರು ಮಕ್ಕಳನ್ನು ಎಡಗಡೆಯಿಂದ ಎಳೆದುಕೊಳ್ಳುತ್ತಿದ್ದರು.

ಹತ್ತು ವರ್ಷದಿಂದ ಮೇಷ್ಟ್ರು ಒಬ್ಬ ಮೆಕ್ಯಾನಿಕ್ಕನ ಕೈಗೂ ಕೋಣನನ್ನು ಕೊಟ್ಟವರಲ್ಲ. ಪ್ರತಿ ಭಾನುವಾರ ಒಂದು ಚಾಪೆ, ಒಂದು ಸ್ಪ್ಯಾನರ್ ಗಂಟು, ಒಂದು ದಪ್ಪ ನೋಟುಬುಕ್ಕು ಹಿಡಿದು ಶೆಡ್ಡಿಗೆ ಹೋಗುವರು. ಬಿಚ್ಚುವ ಮುಂಚೆ ಪ್ರತಿ ಭಾಗದ ಚಿತ್ರವನ್ನು ನೆರಳು ಬೆಳಕಿನ ಸಮೇತ ಬರೆದುಕೊಳ್ಳುವರು. ಆ ಚಿತ್ರಗಳು ನಿಜವಾದ ಭಾಗಗಳಿಗಿಂತ ಚೆನ್ನಾಗಿರುತ್ತಿದ್ದವು. ತೊಂದರೆ ಬರುತ್ತಿದ್ದದ್ದು ಅಲ್ಲೇ.

ಒಳಗಿನ ಸತ್ಯ ಇನ್ನೊಂದಿತ್ತು. ಮನುಷ್ಯನನ್ನು ಯಾರೂ ಏನೂ ಕೇಳದ ಜಾಗ ಲೋಕದಲ್ಲಿ ಎರಡೇ: ದೇವರ ಮುಂದೆ ಕಣ್ಣು ಮುಚ್ಚಿ ಕೂತಾಗ ಒಂದು, ಗಾಡಿಯ ಅಡಿಯಲ್ಲಿ ಕಣ್ಣು ತೆರೆದು ಮಲಗಿದಾಗ ಇನ್ನೊಂದು. ಮೊದಲನೆಯದರಲ್ಲಿ ಮೇಷ್ಟ್ರಿಗೆ ನಿದ್ದೆ ಬಂದುಬಿಡುತ್ತಿತ್ತು. ಆದ್ದರಿಂದ ಎರಡನೆಯದೇ ಅವರ ಪಾಲಿನ ಧ್ಯಾನ.

ಶನಿವಾರ ಊಟದ ಹೊತ್ತಿಗೆ ಹೆಂಡತಿ ಸಮಾಧಾನವಾಗಿಯೇ ಮಾತು ತೆಗೆದರು.

"ರೀ, ನಾಳೆ ನಾಲ್ಕು ಗಂಟೆಗೆ ಒಬ್ಬರು ಗಾಡಿ ನೋಡೋಕೆ ಬರ್ತಾರೆ. ನನ್ನ ಹೊಲಿಗೆ ಕ್ಲಾಸಿಗೆ ಶೆಡ್ಡು ಬೇಕು. ಅವರಿಗೆ ಹಿಡಿಸಿದ್ರೆ ತಗೊಂಡು ಹೋಗ್ಲಿ."

"ಹಿಡಿಸದೆ ಹೋದ್ರೆ?"

"ಹಿಡಿಸದೆ ಹೋದ್ರೆ ಶೆಡ್ಡಿನ ಮಾತು ನಾನು ಈ ಜನ್ಮದಲ್ಲಿ ಎತ್ತಲ್ಲ. ಮೆಷಿನ್ನೆಲ್ಲ ಮಲಗೋ ಕೋಣೆಯಲ್ಲೇ ಇರ್ಲಿ. ನಾವು ಅಡುಗೆಮನೇಲಿ ಮಲಗೋಣ."

ಆಕೆ ಅಳತೆ ತೆಗೆದರೂ ಒಂದೇ ಸಲ, ಮಾತು ಕೊಟ್ಟರೂ ಒಂದೇ ಸಲ. ಮೇಷ್ಟ್ರು ರಾತ್ರಿಯೆಲ್ಲ ಲೆಕ್ಕ ಹಾಕಿದರು. ಬಂದವರಿಗೆ ಹಿಡಿಸಬಾರದು, ಅಷ್ಟೇ ತಾನೆ? ಗಾಡಿ ಕೆಡಿಸುವುದು ಅವರಿಗೇನು ಹೊಸ ವಿದ್ಯೆಯೇ? ಇಷ್ಟು ವರ್ಷ ಬೇಡಬೇಡವೆಂದರೂ ಕೈಗೂಡಿದ್ದ ಕೆಲಸ.

ಭಾನುವಾರ ಹತ್ತು ಗಂಟೆಗೆ ಶೆಡ್ಡಿನ ಬಾಗಿಲಲ್ಲಿ ನಿಂತು ಅವರು ಕೈಮುಗಿದರು. "ದೇವರೇ, ಹತ್ತು ವರ್ಷ ಸರಿ ಮಾಡೋಕೆ ಬಂದೆ, ನೀನು ಕೆಡಿಸಿದೆ. ಇವತ್ತು ಕೆಡಿಸೋಕೇ ಬಂದಿದ್ದೀನಿ. ನಡೆಸಿಕೊಡು."

ದೇವರು ಎಲ್ಲರ ಮಾತನ್ನೂ ಕೇಳಿಸಿಕೊಳ್ಳುತ್ತಾನೆ. ಆದರೆ ಅವನದೂ ಒಂದು ಅಭ್ಯಾಸಬಲವಿದೆ.

ಮೊದಲು ಮೇಷ್ಟ್ರು ಟರ್ಬೋದಿಂದ ಎಂಜಿನ್ನಿಗೆ ಗಾಳಿ ಒಯ್ಯುವ ದಪ್ಪ ರಬ್ಬರ್ ಪೈಪಿನ ಪಟ್ಟಿಯನ್ನು ನಾಲ್ಕು ಸುತ್ತು ಸಡಿಲಿಸಿದರು. ಎಂಜಿನ್ ಎಬ್ಬಿಸಿ ಆಕ್ಸಿಲರೇಟರ್ ತುಳಿದರು. ಬುಸ್ ಎಂದು ಗಾಳಿ ಸೋರಿತು, ಹಿಂದಿನಿಂದ ಕಪ್ಪು ಹೊಗೆ ಎದ್ದಿತು, ಗಾಡಿ ಮುದುಕನಂತೆ ಏದುಸಿರು ಬಿಟ್ಟಿತು. ಮೇಷ್ಟ್ರ ಮುಖದಲ್ಲಿ ಮಂದಹಾಸ ಮೂಡುತ್ತಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ಬಸ್ ಡ್ರೈವರ್ ಹಲ್ಲುಜ್ಜುತ್ತಲೇ ಗೋಡೆ ಹಾರಿ ಬಂದ.

"ಏನು ಮೇಷ್ಟ್ರೇ, ಹಾವು ಸಾಕಿದ್ದೀರಾ ಒಳಗೆ? ಬುಸ್ ಅಂತಿದೆ."

"ಅದು ಇರೋದೇ ಹಾಗೆ. ನೀನು ಹೋಗಿ ಬಾಯಿ ತೊಳ್ಕೊ."

"ಇರೋದೇ ಹಾಗೆ ಅಂದ್ರೆ? ಇಪ್ಪತ್ತು ವರ್ಷ ಬಸ್ಸು ಓಡಿಸಿದ್ದೀನಿ. ಪಕ್ಕದ ಮನೇಲಿ ಎಂಜಿನ್ ಸಂಕಟ ಪಡ್ತಾ ಇದ್ರೆ ನಂಗೆ ತಿಂಡಿ ಇಳಿಯುತ್ತಾ?"

ಅವನು ಬ್ರಷ್ಷನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು, ಉದ್ದ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಎಂಜಿನ್ನಿಗೂ ಇನ್ನೊಂದನ್ನು ಕಿವಿಗೂ ಹಚ್ಚಿ ವೈದ್ಯನಂತೆ ಆಲಿಸಿದ. ಎರಡು ನಿಮಿಷದಲ್ಲಿ ಪಟ್ಟಿ ಬಿಗಿಯಾಯಿತು. ಆದರೂ ಹೊಗೆ ಸ್ವಲ್ಪ ಕಪ್ಪೇ ಇತ್ತು. ಏರ್ ಫಿಲ್ಟರಿನ ಡಬ್ಬಿ ತೆಗೆದು ಕೈ ಹಾಕಿದವನು ಹೊರಗೆಳೆದದ್ದು ಒಂದು ಬನಿಯನ್ನು.

"ಇದು ಯಾರದ್ದು?"

ಮೇಷ್ಟ್ರು ಗುರುತು ಹಿಡಿದರು. ಮೂರು ವರ್ಷದ ಹಿಂದೆ ಡಬ್ಬಿ ಒರೆಸಲು ಒಯ್ದದ್ದು. ಅದು ಕಳೆದುಹೋದದ್ದಕ್ಕೆ ಬಟ್ಟೆ ಒಗೆಯುವವಳ ಮೇಲೆ ಅನುಮಾನಪಟ್ಟಿದ್ದರು. ಮನಸ್ಸಿನಲ್ಲೇ ಅವಳ ಕ್ಷಮೆ ಕೇಳಿದರು.

ಮೂರು ವರ್ಷ ಬನಿಯನ್ನಿನೊಳಗಿಂದ ಉಸಿರಾಡಿದ್ದ ಕೋಣ ಈಗ ಹಗ್ಗ ಬಿಚ್ಚಿದ ಕರುವಿನ ಹಾಗೆ ಒಂದೇ ನೆಗೆತ ನೆಗೆಯಿತು. ಹೊಗೆ ಹುಡುಕಿದರೂ ಇಲ್ಲ.

"ನೋಡಿ, ಹೊಸದಾಯ್ತು," ಎಂದ ಡ್ರೈವರ್. ಬಾಯಿ ತೊಳೆಯಲು ಹೋಗುವ ಲಕ್ಷಣ ಕಾಣಲಿಲ್ಲ. ಕಲ್ಲಿನ ಮೇಲೆ ಕೂತ.

ಮೇಷ್ಟ್ರು ಅವನನ್ನು "ಒಳಗೆ ಅಕ್ಕ ಕಾಫಿ ಮಾಡಿದ್ದಾಳೆ, ಹೋಗಿ ಕುಡಿ" ಎಂದು ಸಾಗಹಾಕಿದರು. ಆ ಕಡೆ ಅವನು ಹೋದದ್ದೇ ಈ ಕಡೆ ಡೀಸೆಲ್ ಫಿಲ್ಟರಿಗೆ ಬರುವ ಕೊಳವೆಯನ್ನು ಸಡಿಲಿಸಿ ಗಾಳಿ ಹೊಗಿಸಿದರು. ಡೀಸೆಲ್ ಎಂಜಿನ್ನಿನ ಕೊಳವೆಗೆ ಗಾಳಿ ಹೊಕ್ಕರೆ ಅದು ಹಠ ಹಿಡಿದ ಮಗುವಿನ ಹಾಗೆ. ಎಷ್ಟು ರಮಿಸಿದರೂ ಏಳುವುದಿಲ್ಲ. ಕೀಲಿ ತಿರುಗಿಸಿದರು. ಕೋಣ ಎರಡು ಸಲ ಕೆಮ್ಮಿ ಸತ್ತಿತು. ಮೇಷ್ಟ್ರಿಗೆ ಸಂತೋಷದಿಂದ ಕಣ್ಣು ತುಂಬಿತು.

"ಯಾಕಪ್ಪಾ, ಏನಾಯ್ತು?"

ಎದುರುಮನೆಯ ಕಂಪೌಂಡರ್ ಅಜ್ಜ. ಆಸ್ಪತ್ರೆಯಲ್ಲಿ ನಲವತ್ತು ವರ್ಷ ಔಷಧ ಕೊಟ್ಟು, ಸೂಜಿ ಚುಚ್ಚಿ ನಿವೃತ್ತರಾದವರು. ಗಾಡಿಯ ಗಂಧಗಾಳಿ ಅವರಿಗಿಲ್ಲ. ಇದೊಂದು ಧೈರ್ಯದಿಂದ ಮೇಷ್ಟ್ರು ನಿಜವನ್ನೇ ಹೇಳಿಬಿಟ್ಟರು.

"ಡೀಸೆಲ್ ಕೊಳವೆಯಲ್ಲಿ ಗಾಳಿ ಸೇರಿಕೊಂಡಿದೆ ಅಜ್ಜಾ. ಇನ್ನು ಇದು ಏಳೋದಿಲ್ಲ."

"ಗಾಳಿಯೇ? ಅಯ್ಯೋ, ಇಷ್ಟಕ್ಕೆ ಹೆದರೋದೇ? ಇಂಜೆಕ್ಷನ್ ಕೊಡೋವಾಗ ಏನು ಮಾಡ್ತೀವಿ? ಸೂಜಿ ಮೇಲೆ ಮಾಡಿ, ಒತ್ತಿ, ಗುಳ್ಳೆ ಹೋಗೋವರೆಗೂ ಬಿಡ್ತೀವಿ. ಇಲ್ಲಿ ಒತ್ತೋದು ಎಲ್ಲಿದೆ?"

ಒತ್ತುವುದು ಫಿಲ್ಟರಿನ ತಲೆಯ ಮೇಲೇ ಇತ್ತು, ಅದಕ್ಕೆಂದೇ ಇಟ್ಟ ಪುಟ್ಟ ಕೈಪಂಪು. ಹತ್ತು ವರ್ಷದಲ್ಲಿ ಮೇಷ್ಟ್ರು ಅದರ ಚಿತ್ರ ಮೂರು ಸಲ ಬರೆದಿದ್ದರು; ಒಮ್ಮೆಯೂ ಒತ್ತಿರಲಿಲ್ಲ. ಅಜ್ಜ ಕೊಳವೆ ಬಿಗಿದರು, ಮೇಲಿನ ತಿರುಪು ಚೂರು ಸಡಿಲಿಸಿದರು, ಕನ್ನಡಕ ಮೂಗಿಗಿಳಿಸಿ ಒತ್ತತೊಡಗಿದರು. ನೊರೆ ಬಂತು, ಗುಳ್ಳೆ ಬಂತು, ಕೊನೆಗೆ ಶುದ್ಧ ಡೀಸೆಲ್ ಬಂತು. ತಿರುಪು ಮುಚ್ಚಿ, ಅಭ್ಯಾಸದಂತೆ ಆ ಜಾಗಕ್ಕೆ ಒಂದು ಚೂರು ಹತ್ತಿ ಒತ್ತಿ, "ಈಗ ಎಬ್ಬಿಸಿ ರೋಗೀನ" ಎಂದರು.

ಮೊದಲೆಲ್ಲ ಮೂರು ಸಲ ತಿರುಗಿಸಿದರೆ ಏಳುತ್ತಿದ್ದ ಕೋಣ ಮುಟ್ಟಿದ್ದಕ್ಕೇ ಎದ್ದಿತು. ಕಾಫಿ ಮುಗಿಸಿ ಬಂದ ಡ್ರೈವರ್ "ಭಲೇ ಅಜ್ಜಾ" ಎಂದು ಅವರ ಕೈ ಕುಲುಕಿದ.

ಮೇಷ್ಟ್ರು ಮೂರನೆಯದಾಗಿ ಬ್ಯಾಟರಿಯ ತಂತಿಯ ಹಿಡಿ ಸಡಿಲಿಸಿದರು. ಡ್ರೈವರ್ ಅದನ್ನು ಕಂಡು, ಉಪ್ಪುಗಟ್ಟಿದ್ದನ್ನು ಬಿಸಿನೀರಿನಲ್ಲಿ ತೊಳೆದು, ಉಜ್ಜಿ ಬಿಗಿದ. ಎರಡು ವರ್ಷದಿಂದ ಮಂಕಾಗಿದ್ದ ಮುಂದಿನ ದೀಪಗಳು ಬೆಳದಿಂಗಳಾದವು. ನಾಲ್ಕನೆಯದಾಗಿ ಚಕ್ರದ ಗಾಳಿ ಬಿಟ್ಟರು. ಅಜ್ಜ "ಬೀಪಿ ಇಳಿದಿದೆ" ಎಂದು ಸೈಕಲ್ ಪಂಪು ತಂದು, ಒಂದಕ್ಕಲ್ಲ, ನಾಲ್ಕಕ್ಕೂ ಸಮನಾಗಿ ತುಂಬಿಸಿದರು. ವರ್ಷಗಳಿಂದ ಎಡಕ್ಕೆ ವಾಲುತ್ತಿದ್ದ ಗಾಡಿ ನೆಟ್ಟಗೆ ನಿಂತಿತು.

ಪರೋಪಕಾರಿ ನೆರೆಹೊರೆ ದೇವರು ಕೊಟ್ಟ ವರ. ವರ ಬೇಡವಾದ ದಿನ ಬಾಗಿಲು ಹಾಕಿಕೊಳ್ಳುವ ಉಪಾಯವನ್ನು ಮಾತ್ರ ಅವನು ಯಾರಿಗೂ ಹೇಳಿಕೊಟ್ಟಿಲ್ಲ. ನಾಲ್ಕು ಗಂಟೆಯ ಹೊತ್ತಿಗೆ ಹತ್ತು ವರ್ಷದಲ್ಲಿ ಎಂದೂ ಇಲ್ಲದಷ್ಟು ಆರೋಗ್ಯವಾಗಿ ಕೋಣ ನಿಂತಿತ್ತು. ಅದರ ಪಕ್ಕದಲ್ಲಿ ಎಂದೂ ಇಲ್ಲದಷ್ಟು ಬಾಡಿ ಮೇಷ್ಟ್ರು ನಿಂತಿದ್ದರು.

ಬಂದವರು ಸಣಕಲು ದೇಹದ, ಟೋಪಿ ಹಾಕಿದ ಗಂಭೀರ ಮನುಷ್ಯ. ಜೇಬಿನಲ್ಲಿ ಪುಟ್ಟ ಟಾರ್ಚು. ಗಾಡಿಯನ್ನು ಕಂಡಾಗ ಅವರ ಕಣ್ಣಲ್ಲಿ ಒಂದು ಆಸೆಯಿತ್ತು. ಡ್ರೈವರ್ ಯಾರೂ ಕೇಳದೆಯೇ ಕೀಲಿ ತಿರುಗಿಸಿ ತೋರಿಸಿದ.

"ಕೇಳಿ ಸಾರ್, ಜೇನುನೊಣದ ಸದ್ದು. ಹೊಗೆ ಇದೆಯಾ? ಇಲ್ಲ. ಈ ದೀಪ ನೋಡಿ."

"ನಾಡಿ ಕೂಡ ಸಮ ಇದೆ," ಎಂದರು ಅಜ್ಜ.

ಟೋಪಿಯವರು ಕೇಳಿದರು, ಬಗ್ಗಿ ನೋಡಿದರು, ಟಾರ್ಚು ಆರಿಸಿದರು. ಕಣ್ಣಲ್ಲಿದ್ದ ಆಸೆಯೂ ಆರಿತು. "ಚೆನ್ನಾಗೇ ಇದೆ," ಎಂದು ನಿಟ್ಟುಸಿರು ಬಿಟ್ಟರು. "ಆಯ್ತು, ಯೋಚನೆ ಮಾಡಿ ಹೇಳ್ತೀನಿ." ಗೇಟಿನ ಕಡೆ ತಿರುಗಿಯೂ ಬಿಟ್ಟರು.

ಈಗ ಮೇಷ್ಟ್ರು ಸುಮ್ಮನಿದ್ದಿದ್ದರೆ ಕತೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಅವರನ್ನು ಲೋಕಜ್ಞಾನ ಬಡಿದೆಬ್ಬಿಸಿತು. ಕೊಳ್ಳುವವನು ಹಿಡಿಸಿದ್ದನ್ನು ಹಿಡಿಸಿತು ಎನ್ನುತ್ತಾನೆಯೇ? ಮುಖ ಸಣ್ಣ ಮಾಡಿಕೊಂಡು ಹೋಗುತ್ತಾನೆ, ಬೆಳಗಾದರೆ ಬಂದು ಎಳೆದುಕೊಂಡು ಹೋಗುತ್ತಾನೆ. ಬಿಡಬಾರದು. ಕೆಡಿಸುವುದಂತೂ ಆಗಲಿಲ್ಲ, ಉಳಿದದ್ದು ಸತ್ಯವೊಂದೇ. ಹೀಗೆ ಯೋಚಿಸಿ, ಬೇಲಿ ಮೇಲೆ ಹೋಗುತ್ತಿದ್ದ ಓತಿಕ್ಯಾತನನ್ನು ಹಿಡಿದು ಕಿವಿಯೊಳಗೆ ಬಿಟ್ಟುಕೊಂಡರು.

"ನಿಲ್ಲಿ ಸ್ವಾಮಿ. ಪೂರ್ತಿ ಕೇಳ್ಕೊಂಡು ಹೋಗಿ. ಮೋಸ ಮಾಡಿದ ಪಾಪ ನಂಗೆ ಬೇಡ. ಎಡಕ್ಕೆ ಸಿಗ್ನಲ್ ಹಾಕಿದ್ರೆ ಹಿಂದಿನ ವೈಪರ್ ಆಡುತ್ತೆ."

ಟೋಪಿಯವರು ತಿರುಗಿದರು. "ವೈಪರ್?"

"ಬ್ರೇಕ್ ಒತ್ತಿದ್ರೆ ಒಳಗಿನ ದೀಪ ಹತ್ತುತ್ತೆ. ರಿವರ್ಸ್ ಹಾಕಿದ್ರೆ ರೇಡಿಯೋ ನಿಲ್ಲುತ್ತೆ. ಹಾರ್ನ್ ಹೊಡೀಬೇಕಾದ್ರೆ ಬಲಗಡೆ ಹಿಂದಿನ ಬಾಗಿಲು ತೆಗ್ದಿರಬೇಕು."

"ಏ ಮೇಷ್ಟ್ರೇ, ಅದೆಲ್ಲ ಸಣ್ಣ ಪುಟ್ಟದ್ದು," ಎಂದು ಡ್ರೈವರ್ ಅಡ್ಡ ಬಂದ. ಟೋಪಿಯವರು ಅವನನ್ನು ಕೈಯಿಂದ ಪಕ್ಕಕ್ಕೆ ಸರಿಸಿ ಹತ್ತಿರ ಬಂದರು.

"ವೈರಿಂಗ್ ಯಾರು ಮಾಡಿದ್ದು?"

"ನಾನೇ. ಇಲಿ ಕಡಿದಿತ್ತು. ಪೂರಾ ಹೊಸದಾಗಿ ಮಾಡಿದೆ." ಮೇಷ್ಟ್ರು ಮುಂದಿನ ಫಲಕ ತೆಗೆದು ತೋರಿಸಿದರು. ಒಂದೊಂದು ಗಂಟೂ ಅಚ್ಚುಕಟ್ಟು, ಒಂದೊಂದು ಸುತ್ತೂ ಹೂವಿನ ಮಾಲೆ.

"ಯಾವ ತಂತಿಗೆ ಯಾವುದು ಅಂತ ಹೇಗೆ ಗೊತ್ತು ಮಾಡಿದ್ರಿ?"

"ಬಣ್ಣ ನೋಡಿ," ಎಂದರು ಮೇಷ್ಟ್ರು. ಮೂವತ್ತು ವರ್ಷ ಪಾಠ ಹೇಳಿದ ದನಿ ತಾನಾಗಿ ಬಂತು. "ಮೊದಲು ಕೆಂಪಿಗೆ ಕೆಂಪೇ ಇತ್ತು, ನೋಡೋಕೆ ಏನೂ ಸೊಗಸಿರಲಿಲ್ಲ. ಕೆಂಪು ಎದ್ದು ಕಾಣಬೇಕಾದ್ರೆ ಪಕ್ಕದಲ್ಲಿ ಹಸಿರಿರಬೇಕು. ಹಾಗೇ ನೀಲಿಗೆ ಕಿತ್ತಳೆ, ಹಳದಿಗೆ ನೇರಳೆ ಕಟ್ಟಿದೆ."

ಟೋಪಿಯವರು ಟಾರ್ಚು ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ ನಿಧಾನವಾಗಿ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು.

"ಸ್ವಾಮಿ, ನಾನು ಮೆಕ್ಯಾನಿಕ್ ಕೆಲಸ ಕಲಿಸೋ ಶಾಲೆಯವನು. ನಮ್ಮಲ್ಲಿರೋ ಹಳೇ ಗಾಡಿಗಳ ಕೇಡೆಲ್ಲ ಮಕ್ಕಳಿಗೆ ಬಾಯಿಪಾಠ ಆಗಿಹೋಗಿದೆ. ಬಾನೆಟ್ ಎತ್ತೋಕೆ ಮುಂಚೇನೇ ಉತ್ತರ ಹೇಳ್ತಾರೆ. ಹೊಸ ಥರ ಕೆಟ್ಟಿರೋ ಗಾಡಿ ಹುಡುಕಿ ಹುಡುಕಿ ಎರಡು ವರ್ಷ ಆಯ್ತು. ಈಗ ಚೆನ್ನಾಗಿದೆ ಅಂತ ಬೇಜಾರಾಗಿ ಹೊರಟೇ ಬಿಟ್ಟಿದ್ದೆ. ನೀವು ಕರೆದು ಪುಣ್ಯ ಕಟ್ಕೊಂಡ್ರಿ."

ಮೇಷ್ಟ್ರು ಫಲಕ ಮುಚ್ಚಲು ಹೋದರು, ಟೋಪಿಯವರು ಬಿಡಲಿಲ್ಲ.

"ಪೈಪು ಸಡಿಲ, ಬ್ಯಾಟರಿ ಸಡಿಲ, ಇವನ್ನೆಲ್ಲ ಯಾರು ಬೇಕಾದ್ರೂ ಕೆಡಿಸ್ತಾರೆ. ಆದ್ರೆ ಇದು..." ಅವರು ತಂತಿಗಳನ್ನು ಭಕ್ತಿಯಿಂದ ಮುಟ್ಟಿದರು. "ಕೆಡಿಸಬೇಕು ಅಂತ ಹೊರಟವನಿಗೆ ಇದು ಸಾಧ್ಯವೇ ಇಲ್ಲ. ಒಳ್ಳೇ ಮನಸ್ಸಿನಿಂದ ಕೆಟ್ಟದ್ದು."

ನೋಟುಬುಕ್ಕನ್ನೂ ನೋಡಿದರು. ಪುಟ ತಿರುವುತ್ತ ಅವರಿಗೆ ಇನ್ನೊಂದು ಹೊಳೆಯಿತು. "ಶನಿವಾರ ಮಧ್ಯಾಹ್ನ ಬಿಡುವಿದ್ರೆ ನಮ್ಮ ಶಾಲೆಗೆ ಬನ್ನಿ. ಇದೇ ಗಾಡಿ ಇರುತ್ತೆ. ನಿಮಗೆ ತೋಚಿದ್ದು ರಿಪೇರಿ ಮಾಡಿ."

"ಮಕ್ಕಳಿಗೆ ರಿಪೇರಿ ಕಲಿಸೋದೇ?" ಮೇಷ್ಟ್ರಿಗೆ ಜೀವ ಬಂತು.

"ನೀವು ರಿಪೇರಿ ಮಾಡಿ ಹೋಗಿ. ಏನು ಕೆಟ್ಟಿತು ಅಂತ ಸೋಮವಾರ ಅವರು ಹುಡುಕ್ತಾರೆ."

ಕಂಪೌಂಡರ್ ಅಜ್ಜ ಕೆಮ್ಮಿದರು. ಡ್ರೈವರ್ ಆಕಾಶ ನೋಡಿದ. ಮೇಷ್ಟ್ರು ನೋಟುಬುಕ್ಕು ಹಿಂದಕ್ಕೆ ತೆಗೆದುಕೊಂಡು, "ಚಾಪೆ ನಾನೇ ತರ್ತೀನಿ" ಎಂದರು. ಭಗವಂತ ಒಂದು ಬಾಗಿಲು ಮುಚ್ಚಿದನೋ ತೆರೆದನೋ ಅವರಿಗೆ ತಿಳಿಯಲಿಲ್ಲ. ಆದರೆ ಎದೆಯೊಳಗೆ ಭಾರವೂ ಇರಲಿಲ್ಲ.

ಹೆಂಡತಿ ಸೆರಗಿಗೆ ಕೈ ಒರೆಸುತ್ತ ಬಾಗಿಲಿಗೆ ಬಂದರು.

"ಒಪ್ಪಿಗೆ ಆಯ್ತಾ? ಆಗುತ್ತೆ ಅಂತ ಗೊತ್ತಿತ್ತು. ಹತ್ತು ವರ್ಷದಿಂದ ನಮ್ಮೆಜಮಾನ್ರೇ ರಿಪೇರಿ ಮಾಡ್ತಿರೋ ಗಾಡಿ ಅಂತ ಹೇಳಿದ್ದಕ್ಕೇ ಅವರು ನೋಡೋಕೆ ಬಂದದ್ದು."

ಕೋಣ ಹೊರಟಿತು. ಎಂಜಿನ್ನಿನ ಸದ್ದು ಜೇನುನೊಣದಂತೆ ಬೀದಿಯ ಕೊನೆಯವರೆಗೂ ಕೇಳಿತು. ತಿರುವಿನಲ್ಲಿ ಅದು ಎಡಕ್ಕೆ ಹೊರಳಬೇಕು. ಹಿಂದಿನ ಗಾಜಿನ ವೈಪರ್ ಎದ್ದು, ಅತ್ತ ಒಮ್ಮೆ ಇತ್ತ ಒಮ್ಮೆ ಆಡಿತು. ಬೀದಿಯ ತಾಯಂದಿರು ಮಕ್ಕಳನ್ನು ಎಳೆದುಕೊಂಡರು. ಮೇಷ್ಟ್ರು ಮಾತ್ರ ಮೆಲ್ಲನೆ ಕೈ ಎತ್ತಿ ಆಡಿಸಿದರು.

ಆಮೇಲೆ ಡ್ರೈವರೂ ಅಜ್ಜನೂ ಸೇರಿ ನಾಲ್ಕೂ ಹೊಲಿಗೆ ಯಂತ್ರಗಳನ್ನು ಶೆಡ್ಡಿಗೆ ಹೊತ್ತು ತಂದು ಸಾಲಾಗಿ ಇಟ್ಟರು. ಮೇಷ್ಟ್ರು ಸ್ಪ್ಯಾನರ್ ಗಂಟು ಹಿಡಿದುಕೊಂಡೇ ಒಂದು ಯಂತ್ರದ ಮುಂದೆ ನಿಂತು, ತಲೆ ವಾಲಿಸಿ ಅದರ ಚಕ್ರ ನೋಡಿದರು, ಬಗ್ಗಿ ಅಡಿಯಲ್ಲಿ ನೋಡಿದರು. ನೋಟುಬುಕ್ಕಿನಲ್ಲಿ ಇನ್ನೂ ಆರು ಪುಟ ಖಾಲಿ ಇತ್ತು.

"ರೀ," ಎಂದರು ಹೆಂಡತಿ, ದಾರ ಪೋಣಿಸುತ್ತ, ತಲೆ ಎತ್ತದೆ. "ಎಣ್ಣೆ ನಾನೇ ಹಾಕ್ಕೋತೀನಿ. ನೀವು ಶನಿವಾರದವರೆಗೂ ಕಾಯಿರಿ."