ನಾಗಮಲ್ಲಪ್ಪ ಪ್ರಾಬ್ಲಂ

ಗಂಗಾಧರಸ್ವಾಮಿಗೆ ಶುಗರ್ ಇರಲಿಲ್ಲ, ಬಿ.ಪಿ. ಇರಲಿಲ್ಲ. ಇದ್ದದ್ದು ಒಬ್ಬ ಷಡ್ಡಕ. ಹೆಂಡತಿ ಸುನೀತಾಳ ಅಕ್ಕನ ಗಂಡ ನಾಗಮಲ್ಲಪ್ಪ. ಅತ್ತೆ ಮನೆಯಲ್ಲಿ ಮೊದಲ ಒಬ್ಬಟ್ಟು ಅವನ ಎಲೆಗೆ, ತುಪ್ಪದ ಗಿಂಡಿ ಅವನ ಪಕ್ಕಕ್ಕೆ. ಅಷ್ಟು ಸಾಲದು ಅಂತ, ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ರಸ್ತೆಯಲ್ಲಿ, ಕರಡಿಕಲ್ಲು ಗುಡ್ಡದ ಬುಡದಲ್ಲಿ ಗಂಗಾಧರಸ್ವಾಮಿ ಹನ್ನೆರಡು ವರ್ಷದಿಂದ ನಡೆಸುತ್ತಿದ್ದ ಇಡ್ಲಿ ಹೋಟೆಲಿನ ಎದುರಿಗೇ ಬಂದು ಇನ್ನೊಂದು ಹೋಟೆಲು ತೆರೆದ. ಅದಕ್ಕೆ ಫ್ಯಾನು ಬೇರೆ. ಅಲ್ಲಿ ಫ್ಯಾನು ತಿರುಗಿದಷ್ಟೂ ಇಲ್ಲಿ ಇವನ ಹೊಟ್ಟೆ ಉರಿಯುತ್ತಿತ್ತು. ಗಾಳಿ ಆ ಕಡೆ, ಬೆಂಕಿ ಈ ಕಡೆ.

ಆ ಭಾನುವಾರದ ರಗಳೆ ಶುರುವಾಗಿದ್ದು ಎರಡು ಪುಸ್ತಕದಿಂದ. ಗುಡ್ಡದ ಬೋಳು ಬಂಡೆಗಳನ್ನು ಬರಿಗೈಯಲ್ಲಿ ಹತ್ತುವುದಕ್ಕೆ ಮೈಸೂರಿನಿಂದ ವಾರವಾರ ಹುಡುಗ ಹುಡುಗಿಯರು ಬರುತ್ತಿದ್ದರು. ಬೆನ್ನ ಮೇಲೆ ಹಾಸಿಗೆ ಹೊತ್ತು ತಂದು, ಅದರ ಮೇಲೆ ಮಲಗದೆ, ಬಂಡೆ ಹತ್ತಿ ಅದರ ಮೇಲೆ ಬೀಳುವ ವಿಚಿತ್ರ ಜನ. ಅವರ ಕ್ಲಬ್ಬಿನ ಮುಂದಾಳು ಶಿವರಂಜನಿ ಇಡ್ಲಿ ಮುಗಿಸಿ, ಕೈತೊಳೆದು, ಎರಡು ಇಂಗ್ಲಿಷ್ ಪುಸ್ತಕ ಮೇಜಿನ ಮೇಲಿಟ್ಟಳು. ಒಂದು ದಪ್ಪ, ಒಂದು ತೆಳು.

"ಸ್ವಾಮಿ ಅಂಕಲ್, ಎರಡೂ ಈ ಗುಡ್ಡದ ಗೈಡ್ ಬುಕ್ಕೇ."

"ಗೈಡಾ? ಎಸ್ಸೆಸ್ಸೆಲ್ಸಿ ಮಕ್ಳು ಓದ್ತವಲ್ಲ, ಅದಾ?"

"ಹೂಂ, ಬಂಡೆ ಹತ್ತೋರಿಗೆ ಅದೇ ತರ. ಆದ್ರೆ ಒಂದಕ್ಕೊಂದು ತಾಳೆ ಆಗಲ್ಲ, ಬಂದೋರಿಗೆ ಗೊಂದಲ. ಇನ್ಮೇಲೆ ಕ್ಲಬ್ಬಿಗೆ ಒಂದೇ ಬುಕ್. ಇಷ್ಟು ವರ್ಷ ನಮ್ಮ ಹೊಟ್ಟೆ ತುಂಬಿಸಿದ್ದೀರಿ, ಯಾವುದು ಅಂತ ನೀವೇ ಆರಿಸಿ. ಹನ್ನೆರಡಕ್ಕೆ ಪೇಂಟರ್ ಬರ್ತಾನೆ. ನೀವು ಹೇಳಿದ ಬುಕ್ಕಲ್ಲಿರೋ ಹೆಸರುಗಳನ್ನೇ ಬಸ್ ಸ್ಟಾಪಲ್ಲಿ ಬೋರ್ಡ್ ಬರೆಸ್ತೀವಿ."

ಎದುರಿಗೆ ನಾಗಮಲ್ಲಪ್ಪ ಬಾತುಕೋಳಿಯಂತೆ ಕತ್ತು ಚಾಚಿ ನೋಡುತ್ತಿದ್ದ. ಅವನ ಕಣ್ಣೆದುರಿಗೆ ಇಂಗ್ಲಿಷ್ ಬರುವುದಿಲ್ಲ ಎನ್ನುವುದೇ? ಗಂಗಾಧರಸ್ವಾಮಿ ದಪ್ಪ ಪುಸ್ತಕವನ್ನು ತಲೆಕೆಳಗಾಗಿ ಬಿಡಿಸಿ, "ಓದ್ಬುಟ್ಟು ಯೋಳ್ತೀನಿ ಓಗವ್ವ" ಎಂದ. ಹುಡುಗಿ ಗುಡ್ಡದ ಕಡೆ ಹೊರಟಳು.

ಓದಲು ಡೇರಿ ಸೆಕ್ರೆಟರಿ ಚನ್ನಯ್ಯನೇ ಗತಿ. ಹಾಲಿನ ಫ್ಯಾಟ್ ಅಳೆಯುವ ಮಷೀನು ಇಂಗ್ಲಿಷಿನಲ್ಲಿ ಚೀಟಿ ಕೊಡುತ್ತಿತ್ತು. ಅದನ್ನು ಓದಿ ಓದಿ ಚನ್ನಯ್ಯ ಊರಿಗೇ ಇಂಗ್ಲಿಷ್ ಪಂಡಿತನಾಗಿದ್ದ. ಕನ್ನಡಕ ಏರಿಸಿ, ಎರಡು ಟೀ ಕುಡಿದು, ದಪ್ಪ ಪುಸ್ತಕ ಹಿಡಿದವನೇ ಕಿರುಚಿದ.

"ಲೋ ಸ್ವಾಮಿ, ನಿನ್ನೆಸ್ರು ಬಂದದೆ ಕಣೋ!"

ಗಂಗಾಧರಸ್ವಾಮಿಯ ಎದೆ ಉಬ್ಬಿತು. ಎದುರಿನವನಿಗೂ ಕೇಳಲಿ ಅಂತ, "ಗಟ್ಟಿಯಾಗ್ ಓದು" ಎಂದ.

"ಗಂಗಾಧರಸ್ವಾಮಿ ಪ್ರಾಬ್ಲಂ."

"ನಂಗೇನ್ಲಾ ಪ್ರಾಬ್ಲಂ?"

"ನಿಂಗಲ್ಲ, ನೀನೇ ಪ್ರಾಬ್ಲಂ ಅಂತ ಬರ್ದವ್ರೆ. ಕೇಳು. ನಡೂಮದ್ಯ ದೊಡ್ಡ ಒಟ್ಟೆ. ಟಾಪು ಲೂಸು, ಉಷಾರು."

ಇಡ್ಲಿ ತಟ್ಟೆ ಉಜ್ಜುತ್ತಿದ್ದ ಸುನೀತಾ ಒಳಗಿನಿಂದಲೇ ನಕ್ಕಳು. "ಯಾರೋ ನಿಮ್ಮನ್ನ ಅತ್ರದಿಂದ ನೋಡ್ಬುಟ್ಟೇ ಬರ್ದವ್ರೆ ಕಣ್ರೀ."

"ನನ್ ಇಡ್ಲಿ ತಿಂದ್ಬುಟ್ಟು ನನ್ನೇ ಲೂಸು ಅಂತವಾ?" ಗಂಗಾಧರಸ್ವಾಮಿ ಹೊಟ್ಟೆ ಒಳಗೆಳೆದುಕೊಂಡು ತಲೆ ಮುಟ್ಟಿ ನೋಡಿಕೊಂಡ. "ಮೆಲ್ಲುಕ್ ಓದ್ಲಾ! ಆ ತೆಳೂದು ನೋಡು."

ತೆಳುವಿನ ಮೂರನೇ ಪುಟಕ್ಕೇ ಚನ್ನಯ್ಯನ ಹುಬ್ಬು ಮೇಲೇರಿತು. "ನಾಗಮಲ್ಲಪ್ಪ ಪ್ರಾಬ್ಲಂ. ಬುಡ ಗಲೀಜು. ಇಡ್ಕಳಕ್ಕೆ ಏನೂ ಸಿಕ್ಕಲ್ಲ, ಜಾರ್ಕತದೆ. ಒಸಬ್ರು ತಂಟೆಗೆ ಓಗ್ಬೇಡಿ."

ಗಂಗಾಧರಸ್ವಾಮಿ ಪುಸ್ತಕಕ್ಕೆ ಕೈ ಮುಗಿದ. "ಇದ್ ಬರ್ದೋನು ಪುಣ್ಯಾತ್ಮ ಕಣೋ. ಅವಂಗೂ ಒಬ್ಬ ಷಡ್ಡಕ ಇರ್ಬೇಕು." ಮರುಗಳಿಗೆಗೆ ಇನ್ನೊಂದು ಸಂಕಟ. "ಅವನ್ದು ಎಷ್ಟ್ ಸಾಲ್ ಅದೆ?"

"ನಾಲ್ಕು. ನಿಂದು ಮೂರು. ಅವಂದ್ರಲ್ಲಿ ಬಂಡೆ ಫೋಟೋನೂ ಅದೆ."

"ಬಯ್ಯೋದ್ರಲ್ಲೂ ಅವಂಗೇ ಜಾಸ್ತಿ ನೋಡು!" ಎಂದು ಗಂಗಾಧರಸ್ವಾಮಿ ಹಲ್ಲು ಕಡಿದ.

ಚನ್ನಯ್ಯನ ಹೊಟ್ಟೆಯಲ್ಲಿ ಟೀ ನಿಲ್ಲಬಹುದು, ಮಾತು ನಿಲ್ಲುವುದಿಲ್ಲ. ರಸ್ತೆ ದಾಟಿ ಅಲ್ಲಿಯೂ ಒಂದು ಟೀ ಕುಡಿದು, ಅಲ್ಲಿಯೂ ಓದಿ ಬಂದ. ಐದು ನಿಮಿಷಕ್ಕೆ ನಾಗಮಲ್ಲಪ್ಪ ಪಂಚೆ ಎತ್ತಿಕಟ್ಟಿ ಬಂದು ನಿಂತ.

"ಏನ್ಲಾ ಗಂಗಾಧರ, ನನ್ನ ಗಲೀಜು ಅಂತ ಬೋರ್ಡ್ ಆಕಿಸ್ತೀಯಂತೆ?"

"ನಾನೆಲ್ಲಣ್ಣ ಆಕಿಸ್ತೀನಿ? ಪುಸ್ತಕದಲ್ಲಿ ಅದೆ. ವಿದ್ಯಾವಂತ್ರು ಬರ್ದವ್ರೆ, ನಾನು ಅಳಿಸಕ್ಕಾಯ್ತದಾ?"

ನಾಗಮಲ್ಲಪ್ಪ ರೇಗಾಡಿದ, ಆಣೆ ಇಟ್ಟ. ಕೊನೆಗೆ ಬೆಂಚಿನ ಮೇಲೆ ಕುಸಿದು ದನಿ ತಗ್ಗಿಸಿದ. "ನೋಡಪ್ಪ, ನಾಳೆ ನರಸೀಪುರದಿಂದ ನಮ್ ಮಗ್ಳು ಕವನನ್ನ ನೋಡಕ್ಕೆ ಗಂಡಿನ ಕಡ್ಯೋರು ಬತ್ತಾವ್ರೆ. ಇದೇ ಬಸ್ ಸ್ಟಾಪಲ್ಲಿ ಇಳೀತಾರೆ. ಮೊದ್ಲು ಈ ಬೋರ್ಡೇ ಕಾಣ್ತದೆ. ಆ ದಪ್ಪ ಬುಕ್ಕೇ ಇರ್ಲಿ ಅನ್ನಪ್ಪ. ಇವತ್ತಿಂದ ನಾನು ಇಡ್ಲಿ ಬೇಯ್ಸಲ್ಲ. ಇಡ್ಲಿ ಗಿರಾಕಿ ಎಲ್ಲಾ ನಿಂದೇ."

ಸುನೀತಾ ಸೆರಗಿಗೆ ಕೈ ಒರೆಸುತ್ತಾ ಓಡಿಬಂದಳು. "ಒಪ್ಕೊಳ್ರೀ! ಭಾವ ಬಾಯ್ಬುಟ್ಟು ಕೇಳ್ತಾವ್ರೆ."

ಗಂಗಾಧರಸ್ವಾಮಿ ಒಂದು ಗಳಿಗೆ ತೂಗಿದ. ಒಂದು ಕಡೆ ಊರಿನ ಇಡ್ಲಿಯೆಲ್ಲ ತನ್ನದು. ಇನ್ನೊಂದು ಕಡೆ, ದಿನಾ ಬೆಳಿಗ್ಗೆ ಎದ್ದ ಕೂಡಲೇ ದಪ್ಪ ಅಕ್ಷರದಲ್ಲಿ ನಾಗಮಲ್ಲಪ್ಪ ಪ್ರಾಬ್ಲಂ. ಆ ಹೊತ್ತಿಗೆ ಗಾಳಿ ಬೀಸಿ ಎದುರಿನ ಫ್ಯಾನು ತಾನಾಗಿಯೇ ಒಂದು ಸುತ್ತು ತಿರುಗಿತು.

"ಆಗಲ್ಲ ಕಣಣ್ಣ. ತೆಳೂದೇ."

ಹನ್ನೆರಡಕ್ಕೆ ನಂಜನಗೂಡಿನ ಪೇಂಟರ್ ಬಂದ. ಗಂಗಾಧರಸ್ವಾಮಿ ತೆಳು ಪುಸ್ತಕವನ್ನು ಎರಡೂ ಕೈಯಲ್ಲಿ ಅವನಿಗೊಪ್ಪಿಸಿದ. ದಪ್ಪ ಪುಸ್ತಕದ ಹಾಳೆಗಳನ್ನು ಪರಪರ ಹರಿದು, ವಡೆ ಕಟ್ಟಲು ಗಲ್ಲಾದ ಪಕ್ಕ ಪೇರಿಸಿದ. ಬಹಳ ದಿನದ ಮೇಲೆ ಮೈ ಹಗುರವಾಗಿತ್ತು. ಸಿಳ್ಳೆ ಕೂಡ ಹಾಕಿದ.

ಒಂದೂವರೆಗೆ ಶಿವರಂಜನಿ ಗುಡ್ಡ ಇಳಿದು ಬಂದು ವಡೆ ಕೇಳಿದಳು. ಪೊಟ್ಟಣ ಬಿಚ್ಚಿ, ಎಣ್ಣೆ ಹೀರಿದ ಹಾಳೆಯನ್ನು ಬೆಳಕಿಗೆ ಹಿಡಿದಳು.

"ಅಯ್ಯೋ ಅಂಕಲ್, ನಿಮ್ಮ ಪ್ರಾಬ್ಲಂ ಪೇಜನ್ನೇ ಹರಿದುಬಿಟ್ರಾ? ಎಂಥಾ ದೊಡ್ಡ ಮನಸ್ಸು ನಿಮ್ದು!"

"ದೊಡ್ಡ ಮನಸಾ? ಬಯ್ಸ್ಕಂಡಿರೋದ್ನ ಮಡಿಕ್ಕಳಕ್ಕಾಯ್ತದಾ?"

"ಬೈದಿರೋದಲ್ಲ! ಹತ್ತೋ ಬಂಡೆಗೆ ನಾವು ಪ್ರಾಬ್ಲಂ ಅಂತೀವಿ. ಈ ಗುಡ್ಡದ ಎಲ್ಲಕ್ಕಿಂತ ದೊಡ್ಡ ಬಂಡೆಗೆ ದಪ್ಪ ಬುಕ್ಕಿನೋರು ನಿಮ್ಮ ಇಡ್ಲಿ ಮೆಚ್ಚಿ ನಿಮ್ಮ ಹೆಸರಿಟ್ಟಿದ್ರು. ತೆಳು ಬುಕ್ಕಿನೋರು ಅದೇ ಬಂಡೆಗೆ ಎದುರು ಹೋಟೆಲಿನೋರ ಹೆಸರಿಟ್ಟಿದ್ದಾರೆ."

"ಒಟ್ಟೆ ಅಂತ ಇತ್ತಲ್ಲವ್ವ?"

"ಬಂಡೆ ನಡುವೆ ಉಬ್ಬಿದೆ."

"ಟಾಪು ಲೂಸು?"

"ತುದೀಲಿ ಕಲ್ಲು ಅಲ್ಲಾಡುತ್ತೆ ಅಂತ."

ಈಗ ಗಂಗಾಧರಸ್ವಾಮಿಯ ಟಾಪು ನಿಜವಾಗಿಯೂ ಅಲ್ಲಾಡಿತು. ಒಲೆಯ ಮೇಲಿನ ಹಾಲನ್ನೂ ಮರೆತು ಬಸ್ ಸ್ಟಾಪಿಗೆ ಓಡಿದ. ಸುದ್ದಿ ಅವನಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಬೋರ್ಡಿನ ಕೆಳಗೆ ನಾಗಮಲ್ಲಪ್ಪ ತಲೆ ಬಾಚಿಕೊಂಡು, ಕ್ಲಬ್ಬಿನ ಹುಡುಗರ ನಡುವೆ ಫೋಟೋಗೆ ನಿಂತಿದ್ದ.

"ಬಾರಪ್ಪ ಗಂಗಾಧರ! ಬ್ಯಾಡ ಬ್ಯಾಡ ಅಂದ್ರೂ ಬುಡ್ದೆ ನನ್ನೆಸ್ರೇ ಆಕಿಸ್ಬುಟ್ಟೆ. ಒಡಹುಟ್ದೋನೂ ಇಂಗ್ ಮಾಡಲ್ಲ ಕಣೋ. ನಾಳೆ ಗಂಡಿನೋರ್ಗೆ ಇಪ್ಪತ್ತು ಪ್ಲೇಟ್ ಇಡ್ಲಿ ಬೇಯ್ಸ್ತಾವ್ನಿ, ನೀನೂ ಬಂದ್ಬುಡು."

"ಅಳಿಸ್ರೋ ಅದ್ನ!" ಎಂದು ಗಂಗಾಧರಸ್ವಾಮಿ ಕೂಗಿದ.

"ಎನಾಮಲ್ ಪೇಂಟು ಸಾ. ಅಳ್ಸಕ್ಕಾಗಲ್ಲ" ಎಂದ ಪೇಂಟರ್.

ಹಿಂದೆಯೇ ಓಡಿಬಂದ ಶಿವರಂಜನಿಗೆ ಅವನ ಮುಖ ನೋಡಿ ಪಾಪ ಅನಿಸಿತು. "ಬುಕ್ಕಲ್ಲಿ ಇಲ್ಲದ ಹೆಸರು ಬಂಡೆಗೆ ಬರೆಸೋಕಾಗಲ್ಲ ಅಂಕಲ್. ಕೊನೇ ಸಾಲಲ್ಲಿ ನಾಗಮಲ್ಲಪ್ಪ ಪ್ರಾಬ್ಲಂ ಆದ್ಮೇಲೆ ಅರ್ಧ ಜಾಗ ಇದೆಯಲ್ಲ, ಗಂಗಾಧರಸ್ವಾಮಿ ಹೋಟೆಲ್ ಅಂತ ಬರೆಸಿಬಿಡೋಣ."

ಗಂಗಾಧರಸ್ವಾಮಿಗೆ ಹೋದ ಜೀವ ಬಂತು. ಪೇಂಟರ್ ಬ್ರಷ್ ಅದ್ದಿ, "ಸಣ್ಣಕ್ಷರದಲ್ಲಿ ಬರುದ್ರೆ ನೀಟಾಗ್ ಕೂರ್ತದೆ ಸಾ" ಎಂದ.

"ಸಣ್ಣುಕ್ಕಾ? ಅವನ್ ಅಕ್ಷರುಕ್ಕಿಂತ ಒಂದ್ ನೂಲೂ ಸಣ್ಣುಕ್ ಆಗ್ಕೂಡ್ದು!"

ಪೇಂಟರ್ ಹೇಳಿದ ಹಾಗೆ ಬರೆದ. ಗಂಗಾಧರಸ್ವಾಮಿ ಅನ್ನುವಷ್ಟಕ್ಕೆ ಬೋರ್ಡು ಮುಗಿಯಿತು. ಹೋಟೆಲಿಗೆ ಜಾಗ ಉಳಿಯಲಿಲ್ಲ.

ಅಷ್ಟರಲ್ಲಿ ನರಸೀಪುರದ ಬಸ್ಸು ಬಂದು ನಿಂತಿತು. ಜನ ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಕಂಡಕ್ಟರ್ ಫುಟ್‌ಬೋರ್ಡಿನ ಮೇಲೆ ನಿಂತು, ಹೊಸ ಬೋರ್ಡಿನ ಕೊನೇ ಸಾಲನ್ನು ಇಡೀ ಬಸ್ಸಿಗೆ ಕೇಳುವಂತೆ ಓದಿದ.

"ನಾಗಮಲ್ಲಪ್ಪ ಪ್ರಾಬ್ಲಂ ಗಂಗಾಧರಸ್ವಾಮಿ."

ಆಮೇಲೆ ಬಸ್ಸಿನ ಮೈಗೆ ಎರಡೇಟು ಬಡಿದು ಕೂಗಿದ:

"ರೈಟ್, ರೈಟ್!"