ರಂಗೂನಿಗೆ ಬರೆದ ಚೀಟಿ

ಎಲ್ಲ ಕೇಡಿಗೂ ಮೂಲವಾದ ಮೊತ್ತ ನಾಲ್ಕು ರೂಪಾಯಿ ಆರಾಣೆ. ಸೋಮನಹಳ್ಳಿಯ ಶಾಲಾ ಮೇಷ್ಟ್ರು ಜವರಯ್ಯನವರು ಮದ್ದೂರಿನ ಅಂಚೆ ಕಚೇರಿಯ ಕಿಟಕಿಯ ಮುಂದೆ ನಿಂತು ಅದನ್ನು ಮೂರು ಸಲ ಕೇಳಿದರು. ರಂಗೂನಿಗೆ ನೂರೈವತ್ತು ರೂಪಾಯಿಯನ್ನು ತಂತಿಯ ಮೂಲಕ ಮನಿಯಾರ್ಡರು ಮಾಡಲು ತಗಲುವ ಖರ್ಚು ಅಷ್ಟೇ ಎಂದು ಗುಮಾಸ್ತ ಮೂರು ಸಲವೂ ಒಂದೇ ಸ್ವರದಲ್ಲಿ ಹೇಳಿದ.

ಮೇಷ್ಟ್ರ ತಮ್ಮ ದೇವಯ್ಯ ರಂಗೂನಿನ ಆಸ್ಪತ್ರೆಯೊಂದರಲ್ಲಿ ಕಾಂಪೌಂಡರು. ಜಪಾನಿನವರ ಬಾಂಬು ಆ ಊರಿನ ಮೇಲೆ ಬೀಳತೊಡಗಿ ತಿಂಗಳಾಗಿತ್ತು. ಮೂರು ದಿನಗಳ ಹಿಂದೆ ಅವನ ತಂತಿ, ಯುದ್ಧದ ಗದ್ದಲದಲ್ಲಿ ಹತ್ತು ದಿನ ತಡವಾಗಿ, ಬಂದು ಸೇರಿತ್ತು: ‘ಹಡಗಿನ ಟಿಕೆಟ್ಟಿಗೆ ನೂರೈವತ್ತು ಕಳಿಸು. ತಡವಾದರೆ ದಾರಿ ಮುಚ್ಚುತ್ತದೆ.’ ಅವನ ಹೆಂಡತಿ ಯಶೋದಮ್ಮ ಮಳವಳ್ಳಿಯ ತವರಿಗೆ ಓಡಿ, ತಾಯಿ ಕೊಟ್ಟಿದ್ದ ಕಾಸಿನ ಸರವನ್ನು ಅಲ್ಲಿಯೇ ಮಾರಿ, ನೋಟುಗಳನ್ನು ತಂದು ಜವರಯ್ಯನವರ ಮುಂದಿಟ್ಟಿದ್ದಳು. “ಭಾವ, ಇದ್ರಲ್ಲಿ ಅವ್ರ ಜೀವ ಅದೆ” ಎಂದು ಹೇಳಿ ಒಳಗೆ ಹೋಗಿದ್ದಳು.

ಕಳಿಸುವ ಖರ್ಚು ಮಾತ್ರ ಮೇಷ್ಟ್ರದು. ಅವರ ಸಂಬಳ ತಿಂಗಳಿಗೆ ಹದಿನೆಂಟು ರೂಪಾಯಿ. ಕಿಟಕಿಯ ಸರಳು ಹಿಡಿದುಕೊಂಡು ಅವರು ಯೋಚಿಸುತ್ತ ನಿಂತಿದ್ದಾಗಲೇ ಹಿಂದಿನಿಂದ ಒಂದು ಕೈ ಅವರ ಭುಜದ ಮೇಲೆ ಬಿತ್ತು.

“ಬುಡಿ ಅತ್ಲಾಗೆ, ಮೇಷ್ಟ್ರೇ!”

ಕೈ ಅಂಕಯ್ಯನದು. ಕೋರ್ಟಿನಲ್ಲಿ ಸಮನ್ಸು ಹಂಚುತ್ತಿದ್ದು ನಿವೃತ್ತನಾದ ಈತ ಮೇಷ್ಟ್ರ ಪಕ್ಕದ ಮನೆಯವನು. ಈಗ ಹಂಚಲು ಸಮನ್ಸಿಲ್ಲದ್ದರಿಂದ ಬುದ್ಧಿವಾದ ಹಂಚುತ್ತಿದ್ದ.

“ನಾಕು ರೂಪಾಯಿ ಆರಾಣೆನಾ? ಅಷ್ಟ್ ದುಡ್ಡು ಸರ್ಕಾರದ ಬಾಯ್ಗೆ ಸುರೀತೀರಾ? ಮಂಡ್ಯದ ಅಕ್ಕಿ ಮಂಡಿ ಮುದ್ದಯ್ಯ ಸಾವ್ಕಾರ್ರಿಗೆ ರಂಗೂನಲ್ಲೂ ಅಂಗ್ಡಿ ಐತೆ. ಇಲ್ಲಿ ಅವ್ರಿಗೆ ದುಡ್ಡು ಕೊಟ್ರೆ ಒಂದ್ ಚೀಟಿ ಬರ್ಕೊಡ್ತಾರೆ. ಚೀಟಿ ತೋರ್ಸಿದ್ರೆ ಅಲ್ಲಿ ನಿಮ್ ತಮ್ಮಂಗೆ ದುಡ್ಡು. ನಿಮ್ ದುಡ್ಡು ಇಲ್ಲೇ ಇರ್ತದೆ, ಅವ್ರ ದುಡ್ಡು ಅಲ್ಲೇ ಇರ್ತದೆ, ಸಮುದ್ರ ದಾಟೋದು ಬರೀ ಕಾಗ್ದ ಕಣ್ರೀ!”

“ಕಾಗದ ತಲುಪೋದು ತಡ ಆಗಲ್ವೇ ಅಂಕಯ್ಯ?”

“ವಿಮಾನದ ಟಪಾಲು ನಾಕೇ ದಿನ. ಹಡಗು ಎಲ್ಲಿಗ್ ಓಯ್ತದೆ?”

ಮೇಷ್ಟ್ರು ಸರಳು ಬಿಟ್ಟರು.

ಮಂಡ್ಯದ ರೈಲು ಹತ್ತಿದೊಡನೆ ಅಂಕಯ್ಯ ಡಬ್ಬಿಗೆಲ್ಲ ಕೇಳುವಂತೆ ಸಾರಿದ: “ವಸಿ ದೂರ ಕುಂತ್ಕಳ್ರಪ್ಪ, ಮೇಷ್ಟ್ರ ಸೊಂಟದಾಗೆ ನೂರೈವತ್ತು ರೂಪಾಯಿ ಐತೆ!”

ಇಪ್ಪತ್ತು ಜೋಡಿ ಕಣ್ಣುಗಳು ಒಮ್ಮೆಲೇ ಮೇಷ್ಟ್ರ ಸೊಂಟಕ್ಕೆ ಅಂಟಿಕೊಂಡವು. ಅವರು ಎರಡೂ ಕೈಗಳಿಂದ ಹೊಟ್ಟೆಯನ್ನು ಒತ್ತಿ ಹಿಡಿದು, ಬಾಗಿ ಕುಳಿತರು. ಹನಕೆರೆಯಲ್ಲಿ ಹತ್ತಿದ ಮುದುಕಿಯೊಬ್ಬಳಿಗೆ ಈ ಭಂಗಿ ಬೇರೆಯೇ ಕತೆ ಹೇಳಿತು.

“ಅಯ್ಯೋ, ವಾಯು ಕಣಪ್ಪ ಅದು! ತಗೋ, ಈ ಓಮ ಅಗೀ.”

“ಬೇಡಿ ತಾಯಿ, ನನಗೇನೂ…”

“ಮುಖ ನೋಡಿದ್ರೆ ಗೊತ್ತಾಗಕಿಲ್ವಾ? ಬಾಯ್ ತೆಗಿ!”

ಕೈ ಎತ್ತಿ ತಡೆದರೆ ಹಣ ಬಯಲಾಗುತ್ತದೆ. ಮೇಷ್ಟ್ರು ಬಾಯಿ ತೆರೆದರು. ಮಂಡ್ಯ ಬರುವವರೆಗೂ ಮುದುಕಿ ಓಮ ತುಂಬುತ್ತಲೇ ಇದ್ದಳು; ಅಂಕಯ್ಯ ಕಿಟಕಿಯ ಕಡೆಗೆ ತಿರುಗಿ ಭುಜ ಕುಲುಕಿಸುತ್ತಿದ್ದ.

ಮುದ್ದಯ್ಯ ಸಾಹುಕಾರರು ಪೂಜೆಯಲ್ಲಿದ್ದರು. ಪೂಜೆ ಮುಗಿದು, ಊಟ ಮುಗಿದು, ನಿದ್ರೆಯೂ ಮುಗಿಯುವ ಹೊತ್ತಿಗೆ ಅಂಕಯ್ಯ ಮೇಷ್ಟ್ರ ಖರ್ಚಿನಲ್ಲಿ ಎರಡು ಸಲ ಕಾಫಿ, ಐದು ವಡೆ, ಒಂದು ಕಟ್ಟು ಬೀಡಿ ಮುಗಿಸಿದ್ದ. ಆದರೆ ಹಣವನ್ನು ಕಂಡಾಗ ಸಾಹುಕಾರರು ಒಂದು ಕ್ಷಣವನ್ನೂ ವ್ಯರ್ಥ ಮಾಡಲಿಲ್ಲ. ಹಸಿದ ಎಮ್ಮೆ ಬೂಸಾ ಕಂಡಂತೆ ನೋಟುಗಳ ಕಡೆಗೆ ಬಾಗಿದರು.

“ಕಮಿಷನ್ನಾ? ಗುರುಗಳ ಹತ್ರ ಕಮಿಷನ್ ತಗಂಡ್ರೆ ನನ್ ಮಕ್ಳ ತಲೆಗೆ ವಿದ್ಯೆ ಹತ್ತುತ್ತಾ ಸ್ವಾಮಿ?” ಎಂದು, ಠಸ್ಸೆ ಒತ್ತಿ ಚೀಟಿ ಬರೆದುಕೊಟ್ಟರು: ‘ನಮ್ಮ ರಂಗೂನ್ ಅಂಗಡಿಯವರು ಈ ಚೀಟಿ ತಂದ ದೇವಯ್ಯನಿಂದ ಖುದ್ದು ಸಹಿ ಪಡೆದು ರೂ. ೧೫೦ ಕೊಡುವುದು.’

ಹೊರಗೆ ಬಂದೊಡನೆ ಅಂಕಯ್ಯ ಕೈ ಚಾಚಿದ. “ನಾಕು ರೂಪಾಯಿ ಉಳಿಸ್ಕೊಟ್ಟೀವ್ನಿ. ಧರ್ಮವಾಗಿ ಒಂದು ನಂದು.” ಮೇಷ್ಟ್ರು ಕೊಟ್ಟರು. ರೈಲು ಚಾರ್ಜು, ಕಾಫಿ, ವಡೆ, ಬೀಡಿ, ಈ ಧರ್ಮ ಎಲ್ಲ ಕಳೆದರೂ ಒಂದೂಕಾಲು ರೂಪಾಯಿ ಮಿಗುತ್ತಿತ್ತು. ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತು ಅವರು ಚೀಟಿಯನ್ನು ಲಕೋಟೆಗೆ ಹಾಕಿ, ಅಂಟು ಸವರಲು ನಾಲಿಗೆ ಚಾಚಿದರು. ಆಗಲೇ ಬೆಂಗಳೂರಿನ ರೈಲು ಬಂದು ನಿಂತಿತು.

ಅದರಿಂದ ಇಳಿದವನು ಹದಿನೈದು ದಿನ ಸ್ನಾನ ಕಾಣದ ಮನುಷ್ಯ. ಕೋಟು ಹರಿದಿತ್ತು, ಒಂದು ಕಾಲಿಗೆ ಮಾತ್ರ ಚಪ್ಪಲಿಯಿತ್ತು, ಮುಖದಲ್ಲಿ ಮಾತ್ರ ಮದುವಣಿಗನ ಕಳೆ.

“ಲೇ, ಸಿದ್ದರಾಮು ಅಲ್ವೇನ್ಲಾ?” ಅಂಕಯ್ಯ ಎದ್ದು ನಿಂತ. “ಮೇಷ್ಟ್ರೇ, ಸಾವ್ಕಾರ್ರ ರಂಗೂನ್ ಅಂಗ್ಡಿ ನೋಡ್ಕಳೋನು ಇವ್ನೇ! ಇಲ್ಲೇನ್ಲಾ ಮಾಡ್ತಿದ್ದೀಯ?”

“ಬದ್ಕಿ ಬಂದೆ ಕಣಣ್ಣೋ! ಅಂಗ್ಡಿ ಬಾಗ್ಲಿಗೆ ಬೀಗ ಜಡ್ದು ಬಂದ್ಬುಟ್ಟೆ. ನೋಡು, ಬೀಗದ ಕೈ!” ಉಡಿದಾರದಿಂದ ಅಂಗೈಯಗಲದ ಬೀಗದ ಕೈಯನ್ನು ಎಳೆದು ತೋರಿಸಿದ.

ಮೇಷ್ಟ್ರ ನಾಲಿಗೆ ಲಕೋಟೆಯ ಮೇಲೆಯೇ ನಿಂತಿತು. “ಅಲ್ಲಿ… ಅಂಗಡಿಯಲ್ಲಿ ಬೇರೆ ಯಾರೂ ಇಲ್ವೇ?”

“ಇಲಿ ಅವೆ.”

“ಟಿಕೆಟ್ಟೇ ಸಿಕ್ಕಕಿಲ್ಲ ಅಂತಾರೆ, ನಿಂಗೆಂಗ್ ಸಿಕ್ತಲಾ?” ಎಂದ ಅಂಕಯ್ಯ.

“ಒಬ್ಬ ಪುಣ್ಯಾತ್ಮ ಮಾರ್ದ ಕಣಣ್ಣ. ನಮ್ ಸೀಮೆಯೋನೇ, ಆಸ್ಪತ್ರೆ ಕಾಂಪೌಂಡ್ರು, ದೇವಯ್ಯ ಅಂತ. ತನಗೇ ಅಂತ ತಗಂಡಿದ್ದ ಟಿಕೆಟ್ಟು. ಮುನ್ನೂರು ಕೊಡ್ತೀನಿ ಅಂದೆ. ‘ನಮ್ಮಣ್ಣ ಮೇಷ್ಟ್ರು, ತಂತಿ ಕೊಟ್ರೆ ಊರಿಂದ ದುಡ್ಡು ಬತ್ತದೆ, ನಾನು ಮುಂದಿನ ಹಡಗಿಗೆ ಬತ್ತೀನಿ’ ಅಂತ ಹಿಂಗ್ ಕೊಟ್ಟು ಹಂಗ್ ತಂತಿ ಆಫೀಸಿಗೆ ಓದ.”

ಮೇಷ್ಟ್ರ ಬಾಯಲ್ಲಿ ಇನ್ನೂ ಉಳಿದಿದ್ದ ಓಮದ ರುಚಿ ಒಮ್ಮೆಲೇ ಕಹಿಯಾಯಿತು. ಆದರೂ ಅವರೊಳಗೆ ಒಂದು ಸಣ್ಣ ಆಸೆ ಮಿಣುಕಿತು. “ಹಾಗಾದರೆ ಅವನ ಕೈಯಲ್ಲಿ ಈಗ ಮುನ್ನೂರು ರೂಪಾಯಿ ಇದೆ?”

“ಎಲ್ಲಿ ಸ್ವಾಮಿ! ‘ರೊಕ್ಕ ಇಲ್ಲಿ ಕೊಟ್ರೆ ಊರಿಗೆ ಕಳ್ಸಾಕೆ ಕಮಿಷನ್ ದಂಡ, ಮಂಡ್ಯದಲ್ಲೇ ಸಿಕ್ಕೋ ಹಂಗೆ ಚೀಟಿ ಬರ್ಕೊಡು’ ಅಂದ. ಇಲ್ಲಿ ಸಾವ್ಕಾರ್ರೇ ಕೊಡೋ ಹಂಗೆ ಬರ್ಕೊಟ್ಟೆ. ಬಲು ಲೆಕ್ಕಾಚಾರದ ಮನ್ಸ.”

ಮೂವರೂ ಮಂಡಿಗೆ ಓಡಿದರು. ಮುದ್ದಯ್ಯನವರು ಸಿದ್ದರಾಮುವನ್ನು ತಬ್ಬಿ, ಬೀಗದ ಕೈಯನ್ನು ಕಣ್ಣಿಗೊತ್ತಿಕೊಂಡು, ಮೇಷ್ಟ್ರ ಕಡೆಗೆ ಶಾಂತವಾಗಿ ತಿರುಗಿದರು.

“ನನ್ನ ನೂರೈವತ್ತು ವಾಪಸು ಕೊಡಿ, ಸಾವ್ಕಾರ್ರೇ. ನಾಳೆ ಬೆಳಿಗ್ಗೆ ತಂತಿ ಮೂಲಕ ಕಳಿಸ್ತೀನಿ.”

“ನೀವೇ ಓದ್ಕಳಿ ಗುರುಗಳೇ. ನಿಮ್ಮೆಸ್ರು ಎಲ್ಲೈತೆ ಅದ್ರಲ್ಲಿ? ದೇವಯ್ಯ ಖುದ್ದು ಸಹಿ ಆಕ್ಬೇಕು. ನಾಳೆ ಅವ್ನು ಬಂದು ಕೇಳಿದ್ರೆ ನಾನ್ ಏನಂತ ಜವಾಬು ಹೇಳ್ಲಿ?”

“ಹಾಗಾದರೆ ಸಿದ್ದರಾಮು ಬರೆದುಕೊಟ್ಟ ಮುನ್ನೂರಾದರೂ…”

“ಆ ಚೀಟಿ ಎಲ್ಲೈತೆ?”

“ರಂಗೂನಲ್ಲಿ, ನನ್ನ ತಮ್ಮನ ಹತ್ರ.”

“ನೋಡಿ ಮತ್ತೆ! ನನ್ ಬಾಯ್ ಮಾತು ಅಂದ್ರೆ ಮಾತು. ದೇವಯ್ಯ ಈ ಹೊಸ್ತಿಲು ದಾಟಿ ಬರ್ಲಿ. ನೂರೈವತ್ತು, ಮುನ್ನೂರು, ಎರಡೂ ಸೇರ್ಸಿ ನಾನೂರೈವತ್ತು ರೂಪಾಯಿ ಅವನ ಕೈಗೆ ಎಣಿಸ್ತೀನಿ. ಬರೋಕ್ ಮಾತ್ರ ಹೇಳಿ.”

ಅಂಕಯ್ಯ ತಲೆದೂಗಿದ. “ಕಾನೂನಿನ ಪ್ರಕಾರ ಸರಿಯಾಗೇ ಐತೆ, ಮೇಷ್ಟ್ರೇ.” ಹಾಗೆಂದವನು ಬಸ್ಸಿಗೆ ಹೊತ್ತಾಯಿತೆಂದು ಹೊಸ್ತಿಲು ದಾಟಿಯೇಬಿಟ್ಟ.

ಮೇಷ್ಟ್ರು ಸೋಮನಹಳ್ಳಿಯ ರಸ್ತೆಯಲ್ಲಿ ಇಳಿದಾಗ ಹೊತ್ತು ಮುಳುಗುತ್ತಿತ್ತು. ಯಶೋದಮ್ಮ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಹುಣಸೆಮರದ ಕೆಳಗೆ ನಿಂತಿದ್ದಳು. ಬರಿಗೊರಳನ್ನು ಸೆರಗಿನಿಂದ ಮುಚ್ಚಿಕೊಂಡಿದ್ದಳು. ಓಡಿ ಬರಲಿಲ್ಲ, ಭಾವನ ಮುಖವನ್ನೇ ನೋಡುತ್ತ ಕಾದಳು.

“ಕಳಿಸಿದ್ರಾ ಭಾವ?”

ಮೇಷ್ಟ್ರು ಜೇಬಿನಲ್ಲಿದ್ದ ಲಕೋಟೆಯನ್ನು ಮುಟ್ಟಿ ನೋಡಿಕೊಂಡರು. “ಅವನ ಹೆಸರಿಗೆ ಬರೆಸಿದ್ದೀನಿ ಕಣಮ್ಮ. ಬೇರೆ ಯಾರೂ ಮುಟ್ಟೋ ಹಾಗಿಲ್ಲ.”

ಅವಳ ಮುಖ ಅರಳಿತು. ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿ ಕೇಳಿದಳು: “ಹಂಗಾರೆ ಯಾವ ಹಡಗಿಗೆ ಬತ್ತಾರೆ ಭಾವ?”

ಮೂವತ್ತು ವರ್ಷ ಮಕ್ಕಳಿಗೆ ಸತ್ಯವನ್ನೇ ನುಡಿಯಬೇಕೆಂದು ಪಾಠ ಹೇಳಿದ್ದ ಜವರಯ್ಯನವರು ಅವಳ ಕಡೆಗೆ ನೋಡದೆ ಮನೆಯ ಹಾದಿ ಹಿಡಿದರು.

“ಮುಂದಿನದಕ್ಕೆ,” ಎಂದರು.